ರೋಬೋಟಿಗೆ ಹಚ್ಚಿದ ವಿಭೂತಿ

ಮುರಗೋಡದಲ್ಲಿ ಮನೆಮನೆಗೆ ಪೂಜೆಗೆ ಹೋಗುವ ಅಯ್ಯನವರ ಮಗಳು ನಾನು. ಬೈಲಹೊಂಗಲದ ಪಾಲಿಟೆಕ್ನಿಕ್‌ನಲ್ಲಿ ರೋಬೋಟಿಕ್ಸ್ ಡಿಪ್ಲೊಮಾ ಓದುತ್ತೇನೆಂದು ಹಟ ಹಿಡಿದಾಗ ಅಪ್ಪ ಅರೆಮನಸ್ಸಿನಿಂದ ಒಪ್ಪಿದರು. ಪ್ರವೇಶದ ದಿನ ಲ್ಯಾಬ್ ನೋಡಿಕೊಳ್ಳುವ ಸರ್ ಎದುರಿಗೇ ಅಪ್ಪ ಹೇಳಿಬಿಟ್ಟರು.

"ಇಕಿ ಮ್ಯಾಲ ಒಂದ ದೂರು ಬಂದ್ರೂ ಕಾಲೇಜ್ ಬಿಡಿಸಿ ಮನ್ಯಾಗ ಕುಂದರಸ್ತೇನ್ರಿ."

"ಬರೂದಿಲ್ಲ ಬಿಡ್ರಿ ಅಯ್ಯಾರ," ಎಂದು ಸರ್ ನಕ್ಕರು. ಅವರು ರಾಮದುರ್ಗದವರು, ಅತಿಥಿ ಉಪನ್ಯಾಸಕರು. ಅವರ ನೇಮಕ ವರ್ಷವರ್ಷವೂ ಹೊಸದಾಗಿ ಆಗಬೇಕಿತ್ತು.

ಕಾಲೇಜಿಗೆಲ್ಲ ಇದ್ದದ್ದು ಒಂದೇ ರೋಬೋಟ್ ತೋಳು. ಚಾಲೂ ಮಾಡಿದೊಡನೆ ಅದು ನಿಧಾನವಾಗಿ ತಿರುಗುತ್ತ ತನ್ನ ಮೂಲ ಜಾಗ ಹುಡುಕುತ್ತದೆ. ಅದರ ಮುಂಭಾಗದಲ್ಲಿ ಕಡಲೆಕಾಳಿನಷ್ಟು ದೊಡ್ಡ ಸೆನ್ಸರ್ ಇದೆ. ಮೇಜಿನ ಮೇಲಿನ ಕಪ್ಪು ಗುರುತನ್ನು ಆ ಸೆನ್ಸರ್ ಕಂಡಾಗಲೇ ತೋಳು ನಿಲ್ಲುವುದು.

ಎರಡನೇ ವರ್ಷ ದಸರೆಯ ಖಂಡೇಪೂಜೆ ಬಂತು. ನಮ್ಮ ಕಡೆ ಅಂದು ಕುಡಗೋಲಿನಿಂದ ಟ್ರ್ಯಾಕ್ಟರಿನವರೆಗೆ ಯಾವುದಕ್ಕೂ ಪೂಜೆ ತಪ್ಪುವುದಿಲ್ಲ. "ಅಯ್ಯಾರ ಮಗಳ ಇರೂವಾಗ ಬ್ಯಾರೇದವರು ಯಾಕ? ನೀನ ಮಾಡವಾ," ಎಂದರು ಸರ್. ನನಗೆ ಎಲ್ಲಿಲ್ಲದ ಬಿಂಕ. ಅಲ್ಲಿಯವರೆಗೆ ಹುಡುಗರ ಹೆಗಲ ಮೇಲಿಂದ ಇಣುಕಿ ಕಲಿತವಳಿಗೆ ಆ ದಿನ ಎಲ್ಲರೂ ದಾರಿ ಬಿಟ್ಟಿದ್ದರು. ವಿಭೂತಿ ನೆನೆಸಿ ಮೂರು ಬೆರಳಿನಿಂದ ಗಟ್ಟಿಯಾಗಿ ಎಳೆದೆ, ಸರಿಯಾಗಿ ಸೆನ್ಸರಿನ ಮೇಲೆ. ಓದಿದ್ದೆಲ್ಲ ತಲೆಯಲ್ಲಿತ್ತು, ಕೈಗೆ ಇಳಿದಿರಲಿಲ್ಲ. ಹಣೆಯಂಥದ್ದು ಕಂಡರೆ ಹಚ್ಚುವುದೊಂದೇ ನನ್ನ ಕೈಗೆ ಗೊತ್ತಿದ್ದದ್ದು.

ರಜೆ ಮುಗಿದ ದಿನ ಸರ್ ಗುಂಡಿ ಒತ್ತಿದರು. ತೋಳು ತಿರುಗಿತು, ಗುರುತು ದಾಟಿತು, ನಿಲ್ಲಲಿಲ್ಲ. ಕೊನೆಯ ತಡೆಗೆ ಬಡಿದು ಒಳಗೆ ಗೇರಿನ ಹಲ್ಲುಗಳು ಕಟಕಟನೆ ಮುರಿದವು. ಸರ್ ಬಗ್ಗಿ ನೋಡಿದರು. ಒಣಗಿ ಬೆಳ್ಳಗಾದ ಮೂರು ಗೆರೆ. ಒಮ್ಮೆ ನನ್ನ ಮುಖ ನೋಡಿ, ಕರವಸ್ತ್ರ ತೆಗೆದು ಒರೆಸಿಬಿಟ್ಟರು.

ಸದ್ದು ಕೇಳಿ ಪ್ರಿನ್ಸಿಪಾಲರು ಬಂದರು. "ಚಾಲೂ ಮಾಡೂಕಿಂತ ಮದಲ ನಾ ನೋಡಬೇಕಾಗಿತ್ರಿ. ತಪ್ಪು ನಂದ," ಎಂದರು ಸರ್. ನಾನು ಎರಡೇ ಮಾರು ದೂರದಲ್ಲಿದ್ದೆ. ತುಟಿ ಬಿಚ್ಚಲಿಲ್ಲ. ಹೆದರಿದ್ದೆ, ಅಷ್ಟೇ. ಅದಕ್ಕೆ ಬೇರೆ ಒಳ್ಳೆಯ ಹೆಸರು ಕೊಡಲಾರೆ.

ಮರುವರ್ಷ ಸರ್ ಅವರನ್ನು ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ.

ಹೋದ ವಾರ ಯರಗಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಕೈಯಲ್ಲಿ ತಾಮ್ರದ ತಂತಿಯ ಸುರುಳಿ. ಸವದತ್ತಿಯಲ್ಲಿ ಪಂಪಿನ ಮೋಟಾರು ರಿಪೇರಿ ಅಂಗಡಿಯಲ್ಲಿ ಇದ್ದಾರಂತೆ. ವರ್ಷದಿಂದ ಮನಸ್ಸಿನಲ್ಲೇ ಬಾಯಿಪಾಠ ಮಾಡಿದ್ದ ಮಾತು ತೆಗೆದೆ. "ಸರ್, ಅವತ್ತ ಆ ವಿಭೂತಿ..."

ಪೂರ್ತಿ ಮಾಡಲು ಬಿಡಲಿಲ್ಲ. "ಅಪ್ಪಾರು ಇನ್ನೂ ಕಾಲೇಜಿಗೆ ಕಳಸಾಕತ್ತಾರಲ್ಲವಾ?"

"ಹೂಂನ್ರಿ ಸರ್."

"ಮತ್ತ ಆತಲ್ಲ," ಎಂದು ತಂತಿ ಹೆಗಲಿಗೇರಿಸಿ ಬಸ್ ಹತ್ತಿದರು.

ಇವತ್ತು ಅಪ್ಪನಿಗೆ ಹೇಳಿಯೇ ತೀರಬೇಕೆಂದು ಮನೆ ಸೇರಿದೆ. ಅಪ್ಪ ಪಡಸಾಲೆಯಲ್ಲಿ ಕುಳಿತು ಸಂಜೆಯ ಪೂಜೆಗೆ ವಿಭೂತಿ ನೆನೆಸುತ್ತಿದ್ದರು.

"ಇವತ್ತೇನ ಕಲತಿ ಕಾಲೇಜಿನ್ಯಾಗ?" ಎಂದು ಪ್ರೀತಿಯಿಂದ ಕೇಳಿದರು.

"ಏನಿಲ್ಲಪಾ," ಎಂದು ಒಳಗೆ ಹೋದೆ.