ಕಣ್ಣಿಗೆ ಗೊತ್ತು, ಕೈಗೆ ಗೊತ್ತಿಲ್ಲ

ಪಟ್ಟಿಯಣ್ಣ ಹೋಗಿ ತಿಂಗಳಾಯಿತು. ಅವನ ಕೋಣೆಯಲ್ಲಿ ಪರೀಕ್ಷೆಗೆ ಬಂದವರು ಕೂರುತ್ತಿದ್ದ ಕುರ್ಚಿ ಇನ್ನೂ ಗೋಡೆಯ ಕಡೆಗೇ ತಿರುಗಿದೆ.

ಸುಳ್ಳುಪತ್ತೆ ಯಂತ್ರ ನಡೆಸುವುದು ಅವನ ಕಸುಬು. ಕೂತವರ ತೋಳಿಗೂ ಎದೆಗೂ ಪಟ್ಟಿ ಕಟ್ಟುತ್ತಿದ್ದುದರಿಂದ ಆ ಹೆಸರು. "ಮನೇಲಿ ಆ ಯಂತ್ರ ನಾನೇ," ಎನ್ನುತ್ತಿದ್ದಳು ಹೆಂಡತಿ. "ಸಿಗರೇಟು ಸೇದಿ ಬಂದ್ರೆ ಪಟ್ಟಿ ಕಟ್ಟದೇನೇ ಹೇಳ್ತೀನಿ."

ಒಮ್ಮೆ ಇಸ್ತ್ರಿ ಅಂಗಡಿಯವನನ್ನು ಕರೆತಂದರು. ಬಟ್ಟೆ ಕೊಡಲು ಹೋದವನು ಒಂಟಿ ಮುದುಕಿಯ ಹೆಣವನ್ನು ಮೊದಲು ಕಂಡಿದ್ದ. ಕತ್ತು ಬಿಗಿದು ಕೊಂದಿದ್ದರು, ಒಡವೆ ಹೋಗಿತ್ತು. ಅವನು ಮರಗಟ್ಟಿದವನಂತೆ ಕೂತಿದ್ದ.

ಪಟ್ಟಿಯಣ್ಣ ಒಂದೊಂದಾಗಿ ಕೇಳಿದ. ಬಿಗಿದದ್ದು ಹಗ್ಗವಾ? ಬೆಲ್ಟಾ? ವೈರಾ? ಕಿಟಕಿ ಪರದೆಯಾ? ಪರದೆ ಎಂದದ್ದೇ ತಡ, ಯಂತ್ರದ ಗೆರೆ ಚಂಗನೆ ನೆಗೆಯಿತು.

ಇನ್‌ಸ್ಪೆಕ್ಟರ್ ಪಟ್ಟಿಯಣ್ಣನನ್ನು ಹೊರಗೆ ಎಳೆದ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ! ಮುಗೀತು, ಒಳಗೆ ಹಾಕ್ತೀನಿ."

"ಬಾಗಿಲು ತೆಗೆದವನೇ ಇವನು ಸಾರ್. ಪರದೆ ಕಣ್ಣಾರೆ ನೋಡಿದ್ದಾನೆ. ಗೆರೆ ‘ಗೊತ್ತು’ ಅನ್ನುತ್ತೆ ಅಷ್ಟೆ, ‘ಮಾಡಿದೆ’ ಅನ್ನಲ್ಲ."

"ಹಂಗಾದ್ರೆ ನಿನ್ನ ಡಬ್ಬಾನ ಗುಜರಿಗೆ ಹಾಕು."

"ಮಾಡಿದವನಿಗೆ ಮಾತ್ರ ಗೊತ್ತಿರೋದು ಏನಾದ್ರೂ ಕೊಡಿ. ಒಡವೆ ಎಲ್ಲಿತ್ತು?"

ಹೊಲಿಗೆ ಮೆಷಿನ್ನಿನ ಖಾನೆಯಲ್ಲಿ ಎಂದು ಮುದುಕಿಯ ಮಗಳು ಹೇಳಿದ್ದಳು. ಕಳ್ಳ ಖಾನೆಯನ್ನು ಮತ್ತೆ ಮುಚ್ಚಿಟ್ಟು ಹೋಗಿದ್ದ. ಬಾಗಿಲಲ್ಲಿ ನಿಂತವನಿಗೆ ಅದು ಕಾಣುವಂತಿರಲಿಲ್ಲ.

ಪಟ್ಟಿಯಣ್ಣ ಒಳಗೆ ಹೋಗಿ ಮತ್ತೆ ಕೇಳಿದ. ಹಾಸಿಗೆ ಕೆಳಗಾ? ಟ್ರಂಕಲ್ಲಾ? ಹೊಲಿಗೆ ಮೆಷಿನ್ ಖಾನೇಲಾ? ಚಪ್ಪಲಿ ಡಬ್ಬದಲ್ಲಾ? ಸಾಲು ಬದಲಿಸಿ ಇನ್ನೊಮ್ಮೆ ಕೇಳಿದ. ಗೆರೆ ಮಲಗಿಯೇ ಇತ್ತು.

"ಕಲ್ಲಾಗಿ ಕೂತಿದ್ದಾನೆ, ಯಾವುದಕ್ಕೂ ನೆಗೆಯಲ್ಲ," ಎಂದ ಇನ್‌ಸ್ಪೆಕ್ಟರ್.

"ಪರದೆಗೆ ನೆಗೀತಲ್ಲ ಸಾರ್. ಕಣ್ಣಿಗೆ ಗೊತ್ತು, ಕೈಗೆ ಗೊತ್ತಿಲ್ಲ. ನನ್ನ ಯಂತ್ರವೇನೂ ದೇವರಲ್ಲ, ಆದ್ರೆ ಇವನೇ ಮಾಡಿದ ಅಂತ ನಾನು ಬರ್ಕೊಡಲ್ಲ."

ಬೇರೆ ಪುರಾವೆ ಇರಲಿಲ್ಲ. ಸಂಜೆಗೆ ಇಸ್ತ್ರಿಯವನನ್ನು ಬಿಟ್ಟರು. ಅಂದಿನಿಂದ ಪಟ್ಟಿಯಣ್ಣನ ಅಂಗಿಗಳು ಅವನ ಅಂಗಡಿಗೇ ಹೋಗುತ್ತಿದ್ದವು. ಆ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ.

ಪಟ್ಟಿಯಣ್ಣ ಸತ್ತ ದಿನ ಅವನಿಗೆ ತೊಡಿಸಲು ತೆಗೆದ ಅಂಗಿ ಮುದುಡಿತ್ತು. ಹೆಂಡತಿ ಅದನ್ನು ಹಿಡಿದು ನಿಂತಿದ್ದಳು. ಇಸ್ತ್ರಿಯವನು ಬಂದು, "ಕೊಡಿ ಅಕ್ಕಾ," ಎಂದು ತೆಗೆದುಕೊಂಡು ಹೋದ, ಬೇಗನೆ ಮರಳಿದ. ತೋಳಿನ ಮಡಿಕೆ ನೇರವಾಗಿತ್ತು.

ತೊಡಿಸುವಾಗ ಅಂಗಿ ಇನ್ನೂ ಬಿಸಿಯಾಗಿತ್ತು.