ತಣ್ಣನೆ ಹಾಸಿಗೆ, ಅಜ್ಜಿಯ ಕಂಬಳಿ

ಹುಟ್ಟುವಾಗ ಉಸಿರು ಸಿಗದೆ ಮಿದುಳಿಗೆ ಪೆಟ್ಟಾಗಿದ್ದ ಮಗು. ಮೈಯನ್ನು ಮೂರು ದಿನ ತಣ್ಣಗಿಟ್ಟು, ಜೊತೆಗೊಂದು ಹೊಸ ಔಷಧಿ ಕೊಟ್ಟು ನೋಡುವ ಪ್ರಯೋಗ ನಮ್ಮ ಏಸಿ ವಾರ್ಡಿನಲ್ಲಿ ನಡೆದಿತ್ತು. ಅಪ್ಪ ಒಪ್ಪಿ ಸಹಿ ಹಾಕಿದ್ದ. ಬಡವನಹಳ್ಳಿ ಕಡೆಯ ಕುರಿ ಕಾಯುವ ಅಜ್ಜಿ ಒಪ್ಪಬೇಕಲ್ಲ! ನರ್ಸು ನಾನು ಅತ್ತ ತಿರುಗಿದರೆ ಸಾಕು, ಮಗುವಿನ ಮೇಲೆ ಕಂಬಳಿ. ಮೈ ಬಿಸಿ ಅಳೆಯುವ ಯಂತ್ರ ಕಿರುಚುತ್ತಿತ್ತು, ನಾನೂ ಕಿರುಚುತ್ತಿದ್ದೆ.

“ಬೆಚ್ಚಗಾದ್ರೆ ಮಿದುಳಿಗೇ ತೊಂದ್ರೆ ಅಜ್ಜಿ, ಎಷ್ಟು ಸಲ ಹೇಳ್ಲಿ?”

“ಕುರಿಮರೀನೇ ಕಂಬ್ಳೀಲಿ ಸುತ್ತಿ ಮಡಗ್ತೀವಿ ಕಣಮ್ಮ, ಇದು ಮನುಸ್ರ ಕೂಸು!”

ಮೊದಲ ದಿನವೇ, ಮೂರನೇ ಸಲಕ್ಕೆ ಕಂಬಳಿಯನ್ನೇ ಕಿತ್ತಿಟ್ಟುಕೊಂಡೆ.

ನಾಲ್ಕನೇ ದಿನ ಮೈ ನಿಧಾನಕ್ಕೆ ಬೆಚ್ಚಗಾಗಿ ಮಗು ಸಣ್ಣಗೆ ಅತ್ತಿತು.

“ಈಗ ಹೊದಿಸಿ ಅಜ್ಜಿ,” ಅಂದೆ.

“ಏನು ಹೊದಿಸ್ಲಿ? ಮೂರು ದಿನದಿಂದ ನೀನೇ ಹೊದ್ಕಂಡು ಕುಂತಿದ್ದೀಯಲ್ಲ ತಾಯಿ!” ಅಂದಳು.