ತೊಟ್ಟಿಲಲ್ಲಿದ್ದ ಗುಂಡಕಲ್ಲು

ಉಗರಗೋಳದ ಹತ್ತಿರ ಬಸ್ಸಿನಲ್ಲಿ ಯಲ್ಲಮ್ಮ ನನ್ನ ಮಗಳನ್ನು ಬೋರಲು ಹೊರಳಿಸಿ ಜೀವ ಉಳಿಸಿದಳೆಂದು ನಮ್ಮ ಬಳಗದಲ್ಲಿ ಇಂದಿಗೂ ಹೇಳುತ್ತಾರೆ. ನಾನು ಅದನ್ನು ಒಪ್ಪಿಲ್ಲ. ಬಸ್ಸಿನಲ್ಲಿ ಅಷ್ಟು ಜನರಿದ್ದರು, ದೇವಿಯನ್ನು ನೋಡಿದವರು ಒಬ್ಬರೂ ಇಲ್ಲ. ಸಾಕ್ಷಿಯಿಲ್ಲದ ಮಾತು ನಂಬುವುದು ಹೇಗೆ? ಧಾರವಾಡದಲ್ಲಿ ಕಾಲೇಜಿನ ಚರ್ಚಾಕೂಟಗಳಲ್ಲಿ ಪಳಗಿದವನು ನಾನು. ದೆವ್ವ, ದೇವರು, ಶಕುನ ಯಾವುದನ್ನು ಎದುರಿಗೆ ತಂದಿಟ್ಟರೂ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಮಲಗಿಸಿಬಿಡುತ್ತಿದ್ದೆ. ಆದರೆ ಅವರ ಮಾತನ್ನು ತಳ್ಳಿಹಾಕಿದ ಮೇಲೆ ನನ್ನ ಕೈಯಲ್ಲಿ ಉಳಿಯುವ ಸಂಗತಿ ಅದಕ್ಕಿಂತ ವಿಚಿತ್ರವಾದದ್ದು. ಅದನ್ನು ಮಾಡಿದವನು ನಾನೇ ಆದ್ದರಿಂದ ಸಾಕ್ಷಿಯಿಲ್ಲ ಎನ್ನಲೂ ಬರುವುದಿಲ್ಲ.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನಾನು ರಾಮದುರ್ಗ ತಾಲೂಕಿನ ಸಾಲಹಳ್ಳಿಯಲ್ಲಿ ಮಾಸ್ತರನಾಗಿದ್ದೆ. ಮನೆಯಲ್ಲಿ ಅವ್ವ, ಹೆಂಡತಿ ಸರಸ್ವತಿ, ಕೆಲವೇ ತಿಂಗಳ ಮಗಳು ಸುಶೀಲಾ. ಮಗುವಿನ ಅಂಗುಳ ಹುಟ್ಟುವಾಗಲೇ ಸೀಳಿತ್ತು, ಗದ್ದ ತೀರ ಸಣ್ಣದು. ಮೊಲೆ ಚೀಪಲು ಬರುತ್ತಿರಲಿಲ್ಲ. ಕುಡಿಸಿದ ಹಾಲು ಮೂಗಿನಿಂದ ಇಳಿಯುತ್ತಿತ್ತು. ಅರಳೆಯ ಬತ್ತಿ ಅದ್ದಿ ಹನಿ ಹಾಕಬೇಕು, ನುಂಗಿದ್ದು ಖಾತ್ರಿಯಾದ ಮೇಲೆ ಇನ್ನೊಂದು ಹನಿ. ಅಂಗಾತ ಮಲಗಿಸಿದರೆ ನಾಲಿಗೆ ಹಿಂದಕ್ಕೆ ಜಾರಿ ಉಸಿರು ಕಟ್ಟುತ್ತಿತ್ತು. ಆದ್ದರಿಂದ ಯಾವಾಗಲೂ ಬೋರಲೇ. ನಿದ್ದೆಯಲ್ಲಿ ಗೊರ್ ಗೊರ್ ಎಂಬ ಸದ್ದು. ಸದ್ದು ಇದ್ದರೆ ಮಗು ಇದೆ. ನಿಂತರೆ ಓಡಿಹೋಗಿ ಎತ್ತಿ, ಎಡ ಮುಂಗೈ ಮೇಲೆ ಬೋರಲು ಹಾಕಿ, ಮತ್ತೆ ಉಸಿರಾಡುವ ತನಕ ಬೆನ್ನು ತಿಕ್ಕಬೇಕು. ಸರಸ್ವತಿ ಮೆಲ್ಲಗೆ ಸವರುತ್ತಿದ್ದಳು. ನಾನು ತಿಕ್ಕಿದರೆ ಬೆನ್ನ ಮೇಲೆ ಬೆರಳು ಮೂಡುತ್ತಿದ್ದವು.

"ಕೂಸಿನ ಬೆನ್ನು ತಿಕ್ಕತೀರೋ, ಸಾಲಿ ಪಾಟಿ ಒರಸತೀರೋ?" ಎಂದು ಆಕೆ ಬೈಯುತ್ತಿದ್ದಳು.

ಅಳುವುದು, ಹೆದರುವುದು ಎಲ್ಲ ಮೊದಲ ತಿಂಗಳಿಗೇ ಮುಗಿದುಹೋಗಿತ್ತು. ಆಮೇಲೆ ಕೈಗಳಷ್ಟೇ ಕೆಲಸ ಮಾಡುತ್ತಿದ್ದವು.

ಮಗುವನ್ನು ಧಾರವಾಡದ ಡಾಕ್ಟರಿಗೆ ತೋರಿಸಲು ಸರಸ್ವತಿ ತನ್ನ ತಮ್ಮನ ಜೊತೆ ಹೋದಳು. ಸಾಲಿ ತಪಾಸಣೆ ಇದ್ದುದರಿಂದ ನಾನು ಉಳಿದೆ. ಅವರು ಹೊರಟ ಕೂಡಲೇ ಅವ್ವ ಒರಳಿನ ಸಣ್ಣ ಗುಂಡಕಲ್ಲು ತೊಳೆದು, ಅದಕ್ಕೆ ಕೂಸಿನ ಕುಲಾಯಿ ತೊಡಿಸಿ, ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ತೊಟ್ಟಿಲಲ್ಲಿ ಮಲಗಿಸಿದಳು. ಹೆಸರಿಡುವ ದಿನ ಕೂಸಿಗಿಂತ ಮೊದಲು ಗುಂಡಪ್ಪನೆಂದು ಈ ಕಲ್ಲನ್ನು ತೊಟ್ಟಿಲಿಗೆ ಹಾಕುವುದು ನಮ್ಮ ಕಡೆ ಇದ್ದದ್ದೇ. ಕೂಸು ಪರ ಊರಿಗೆ ಹೋದಾಗಲೂ ತೊಟ್ಟಿಲು ಬರಿದಾಗಬಾರದೆಂಬುದು ಅವ್ವನ ಹಟ.

"ಈ ಮೊಮ್ಮಗ ಭಾಳ ಶಾಣ್ಯಾ ಇದ್ದಾನ ನೋಡವ್ವಾ. ಹಾಲು ಬ್ಯಾಡ, ಉಸರೂ ಬ್ಯಾಡ," ಎಂದೆ.

"ಕಾಲೇಜಿನ್ಯಾಗ ಬಾಯಿ ಕಲತು ಬಂದಿ. ಬುದ್ಧಿ ಅಲ್ಲೇ ಬಿಟ್ಟು ಬಂದಿಯೇನೋ?" ಎಂದಳು ಅವ್ವ.

ಅವರು ತಿರುಗಿ ಬರುವ ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಿದ್ದೆ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದೆ. ಗೊರ್ ಗೊರ್ ಸದ್ದು ಬರುತ್ತಿತ್ತು. ಎಷ್ಟು ಹೊತ್ತಿನಿಂದ ಬರುತ್ತಿತ್ತೋ ಹೇಳಲಾರೆ. ರೂಢಿಯಾದ ಕಿವಿಗೆ ಅದು ಸದ್ದೆಂದೇ ಅನ್ನಿಸಿರಲಿಲ್ಲ. ನಿಂತಾಗಲೇ ಗೊತ್ತಾದದ್ದು. ಎದ್ದೆ. ತೊಟ್ಟಿಲಿಗೆ ಕೈ ಹಾಕಿ ಎತ್ತಿದೆ, ಮುಂಗೈ ಮೇಲೆ ಬೋರಲು ಹಾಕಿದೆ, ತಿಕ್ಕತೊಡಗಿದೆ. ಭಾರ ತಗುಲಿತು. ಇದು ಕಲ್ಲು ಎಂದು ತಿಳಿಯಿತು. ತಿಳಿದರೂ ಕೈ ನಿಲ್ಲಲಿಲ್ಲ. ಸದ್ದು ಮತ್ತೆ ಶುರುವಾಗುವ ತನಕ ತಿಕ್ಕಿದೆ. ಶುರುವಾಯಿತು. ಒಂದೆರಡು ಉಸಿರು ಕೇಳಿಸಿತು, ಆಮೇಲೆ ಅವ್ವನ ರೊಟ್ಟಿಯ ಸಪ್ಪಳ ನಿಂತದ್ದು ಗಮನಕ್ಕೆ ಬಂತು. ಭಯವಾಗಲಿಲ್ಲ, ಆಶ್ಚರ್ಯವೂ ಆಗಲಿಲ್ಲ. ಕಲ್ಲನ್ನು ಬೋರಲೇ ಮಲಗಿಸಿ ತಿರುಗಿದರೆ ಅವ್ವ ಬಾಗಿಲಲ್ಲಿ ನಿಂತಿದ್ದಳು, ಕೈಗೆಲ್ಲ ಹಿಟ್ಟು.

"ಉಣ್ಣಾಕ ಬಾ," ಎಂದಳು, ಅಷ್ಟೇ. ಊರಿನ ಸಣ್ಣ ಸುದ್ದಿಯನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳದ ಅವ್ವ ಇದನ್ನು ಮಾತ್ರ ಯಾರ ಮುಂದೆಯೂ ಎತ್ತಿಲ್ಲ.

ದೀಪ ಹಚ್ಚುವ ಹೊತ್ತಿಗೆ ಸರಸ್ವತಿ ಬಂದಳು. ಮಗುವಿನ ತೂಕ ಹೆಚ್ಚಿದರೆ ಮುಂದಿನ ವರ್ಷ ಅಂಗುಳ ಹೊಲಿಯೋಣ ಎಂದಿದ್ದರಂತೆ ಡಾಕ್ಟರು. ಉಳಿದದ್ದನ್ನು ಅವಳ ತಮ್ಮ ಹೇಳಿದ. ಮಧ್ಯಾಹ್ನ ಇಂಜಿನ್ನಿಗೆ ನೀರು ಹಾಕಲು ಉಗರಗೋಳದಲ್ಲಿ ಬಸ್ಸು ನಿಂತಿತ್ತು. ಆತ ಕೆಳಗಿಳಿದಿದ್ದ. ನಿದ್ದೆಗೆಟ್ಟು ಸೊರಗಿದ್ದ ಸರಸ್ವತಿಗೆ ಕೂತಲ್ಲೇ ಕಣ್ಣು ಹತ್ತಿ, ಮಗು ತೊಡೆಯ ಮೇಲೆ ಅಂಗಾತ ಜಾರಿತ್ತು. ಯಲ್ಲಮ್ಮನ ಗುಡ್ಡಕ್ಕೆ ಹೋಗಿಬಂದ ಮುದುಕಿಯೊಬ್ಬಳು ಎದುರಿನ ಸೀಟಿನಲ್ಲಿದ್ದಳು. ಮಗುವಿನ ತುಟಿ ನೀಲಿಯಾದದ್ದು ನೋಡಿ ಆಕೆ ಚೀರಿದಳು.

"ಯಾರೂ ಮುಟ್ಟಲಿಲ್ಲ ಮಾಮಾ, ಕೂಸು ತಾನ ಹೊರಳಿತು ಅಂತ ಮುದುಕಿ ಆಣಿ ಮಾಡಿ ಹೇಳಿದ್ಲು. ಬಸ್ಸಿಗೆ ಬಸ್ಸು ಯಲ್ಲಮ್ಮಾ, ಉಧೋ ಉಧೋ ಅಂತು!"

"ಮುದುಕಿ ಕಣ್ಣಿಗೆ ಎಷ್ಟು ಕಾಣಸತೈತೋ? ನಿಮ್ಮಕ್ಕನೇ ನಿದ್ದಿಗಣ್ಣಾಗ ಹೊರಳಿಸಿರತಾಳ," ಎಂದೆ. ವಾದ ನಾನು ಗೆದ್ದೆ.

ಸರಸ್ವತಿ ಮಗುವಿನ ಅಂಗಿ ಬಿಚ್ಚಿ ಬೋರಲು ಹಾಕಿಕೊಂಡಳು. ಬೆನ್ನ ಮೇಲೆ ಕೆಂಪಗೆ ಬೆರಳು ಮೂಡಿದ್ದವು. ಅವ್ವ ಅದನ್ನು ನೋಡಿದಳು, ಎದ್ದುಹೋಗಿ ತೊಟ್ಟಿಲಿನಿಂದ ಕಲ್ಲು ತೆಗೆದು ಒರಳಿಗೆ ಇಟ್ಟು ಬಂದಳು.

ಅಂಗಿಯ ಹೊಲಿಗೆ ಒತ್ತಿರಬಹುದು. ಬಸ್ಸಿನ ಬಿಸಿಗೆ ಮೈ ಕೆಂಪಾಗಿರಬಹುದು. ಅವರ ಮಧ್ಯಾಹ್ನ, ನನ್ನ ಮಧ್ಯಾಹ್ನ ಎರಡೂ ಒಂದೇ ಗಳಿಗೆ ಎನ್ನಲು ಯಾರ ಕೈಯಲ್ಲೂ ಗಡಿಯಾರವಿರಲಿಲ್ಲ. ಈ ವಾದಗಳೆಲ್ಲ ನನ್ನಲ್ಲಿವೆ, ಒಂದೂ ಸೊಟ್ಟಗಿಲ್ಲ. ಮಗಳ ಅಂಗುಳ ಹೊಲಿಸಿದ್ದೂ ಆಯಿತು. ಈಗ ಆಕೆ ಸಾಲಿಗೆ ಹೋಗುತ್ತಾಳೆ, ಮೂಗಿನಲ್ಲಿ ಮಾತಾಡುತ್ತಾಳೆ, ನನ್ನಂತೆಯೇ ಎಲ್ಲದಕ್ಕೂ ಎದುರುತ್ತರ ಕೊಡುತ್ತಾಳೆ. ಎದುರುತ್ತರ ಸಿಗದೆ ಉಳಿದವನು ನಾನು. ಆ ಸಂಜೆ ಸರಸ್ವತಿ ಬತ್ತಿಯನ್ನು ಹಾಲಿನಲ್ಲಿ ಅದ್ದಿ, ಮೊದಲ ಹನಿ ಹಾಕಿ, ಮಗು ನುಂಗುವುದನ್ನೇ ನೋಡುತ್ತ, ತಲೆ ಎತ್ತದೆ ಕೇಳಿದ್ದಳು:

"ಹಿಂಗ ತಿಕ್ಕಾವರು ನಮ್ಮ ಮನ್ಯಾಗ ಒಬ್ಬರೇ. ಉಗರಗೋಳದಾಗ ಬಸ್ಸು ನಿಂತಾಗ ನೆತ್ತಿ ಮ್ಯಾಲ ಬಿಸಲಿತ್ತು. ಆವಾಗ ನೀವು ಏನ್ ಮಾಡ್ಲಿಕ್ಕೆ ಹತ್ತಿದ್ರಿ?"